ವಿಲೋಮ ಲ್ಯಾಪ್ಲಾಸ್ ಗ್ರಾಫ್ ತಪ್ಪಿ ಬಂದಾಗ: ದೋಷ ಹುಡುಕುವ ಕ್ರಮ

ವಿಲೋಮ ಲ್ಯಾಪ್ಲಾಸ್ ಪರಿವರ್ತನೆಯ ಗ್ರಾಫ್ ಸರಿಯಾಗಿ ಬಾರದಿದ್ದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಪ್ಲಾಟ್ ಆದೇಶಕ್ಕೆ. ಅಕ್ಷದ ಮಿತಿ ಬದಲಿಸುತ್ತಾರೆ, ಗೆರೆಯ ಬಣ್ಣ ಬದಲಿಸುತ್ತಾರೆ, ಕೊನೆಗೆ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಕಾರವಾರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನನಗೆ ದೋಷ ಅಲ್ಲಿ ಸಿಕ್ಕಿದ್ದು ಕಡಿಮೆ. ಈ ಕೆಲಸದಲ್ಲಿ ಮೂರು ಹಂತಗಳಿವೆ: ಎಸ್ ಎಂಬ ಚರದಲ್ಲಿರುವ ಎಫ್(ಎಸ್) ಅನ್ನು ತಂತ್ರಾಂಶಕ್ಕೆ ಬರೆದುಕೊಡುವುದು, ಅದರ ವಿಲೋಮವನ್ನು, ಅಂದರೆ ಯಾವ ಕಾಲಫಲನದ ಲ್ಯಾಪ್ಲಾಸ್ ಪರಿವರ್ತನೆ ಅದಾಗಿದೆಯೋ ಆ ಎಫ್(ಟಿ)ಯನ್ನು ಪಡೆಯುವುದು (ಟಿ ಎಂದರೆ ಕಾಲ), ಎಫ್(ಟಿ)ಗೆ ಬೆಲೆಗಳನ್ನು ಹಾಕಿ ಗೆರೆ ಎಳೆಯುವುದು. ಕಣ್ಣಿಗೆ ಕಾಣುವುದು ಮೂರನೆಯದು ಮಾತ್ರ. ಹಾಗಾಗಿ ಮೊದಲೆರಡರ ತಪ್ಪೂ ಮೂರನೆಯದರ ತಲೆಗೆ ಬರುತ್ತದೆ.

ತಪ್ಪು ಗ್ರಾಫ್ ಹಲವು ಸಲ ಸರಿಯಾದ ಗ್ರಾಫಿಗಿಂತ ಚೆಂದವಾಗಿರುತ್ತದೆ ಎಂಬುದು ಇನ್ನೂ ದೊಡ್ಡ ತೊಂದರೆ. ಕೆಂಪು ಅಕ್ಷರದ ದೋಷ ಸೂಚನೆ ಬಂದರೆ ಎಚ್ಚರವಾಗುತ್ತೇವೆ. ನುಣುಪಾದ ಗೆರೆ ಬಂದರೆ ವರದಿಗೆ ಅಂಟಿಸಿಬಿಡುತ್ತೇವೆ. ಆದ್ದರಿಂದ ತಂತ್ರಾಂಶವನ್ನು ಗ್ರಾಫ್ ಕೇಳುವ ಮೊದಲೇ ಆ ಗೆರೆ ಎಲ್ಲಿ ಆರಂಭವಾಗಬೇಕು, ಯಾವ ಕಡೆಗೆ ಹೊರಡಬೇಕು, ಎಲ್ಲಿ ನೆಲೆಸಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಈ ಮೂರಕ್ಕೂ ವಿಲೋಮ ಬೇಕಿಲ್ಲ, ಎಫ್(ಎಸ್) ಒಂದೇ ಸಾಕು.

ಮೊದಲು ಕಾಗದ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ಅದರ ಶಾಕ್ ಅಬ್ಸಾರ್ಬರ್ ಸವೆದಿದೆ, ಚಕ್ರ ಒಂದು ಗುಂಡಿಗೆ ಬಡಿದಿದೆ. ಸ್ಪ್ರಿಂಗಿನ ಮೇಲೆ ಕುಳಿತ ಬಸ್ಸಿನ ಮೈ ಎಷ್ಟು ಹೊತ್ತು ಕುಣಿಯುತ್ತದೆ ಎಂಬ ಲೆಕ್ಕವನ್ನು ಸರಳಗೊಳಿಸಿದರೆ ಇಂಥದೊಂದು ರೂಪ ಸಿಗುತ್ತದೆ:

ಎಫ್(ಎಸ್) = 1 / (ಎಸ್² + 0.4 ಎಸ್ + 100)

ಎಸ್ ಅನಂತಕ್ಕೆ ಹೋದಾಗ ಎಸ್·ಎಫ್(ಎಸ್) ಸೊನ್ನೆಯಾಗುತ್ತದೆ; ಅಂದರೆ ಗೆರೆ ಸೊನ್ನೆಯಿಂದ ಹೊರಡಬೇಕು. ಆರಂಭ ಸೊನ್ನೆಯಾಗಿರುವುದರಿಂದ ಎಸ್²·ಎಫ್(ಎಸ್)ನ ಮಿತಿಯೇ ಆರಂಭದ ಇಳಿಜಾರು. ಇಲ್ಲಿ ಅದು 1, ಧನ ಸಂಖ್ಯೆ. ಗೆರೆ ಮೇಲಕ್ಕೆ ಹೊರಡಬೇಕು. ಎಸ್ ಸೊನ್ನೆಯ ಕಡೆ ಹೋದಾಗ ಎಸ್·ಎಫ್(ಎಸ್) ಮತ್ತೆ ಸೊನ್ನೆ, ಆದ್ದರಿಂದ ಕೊನೆಗೆ ಗೆರೆ ಸೊನ್ನೆಗೆ ಮರಳಬೇಕು. ಈ ಅಂತಿಮ ಬೆಲೆಯ ಪ್ರಮೇಯವನ್ನು ಬಳಸಲು ಎಸ್·ಎಫ್(ಎಸ್)ನ ಧ್ರುವಗಳೆಲ್ಲ, ಅಂದರೆ ಅದರ ಛೇದದ ಮೂಲಗಳೆಲ್ಲ, ಎಡ ಅರ್ಧತಲದಲ್ಲಿರಬೇಕು (ಅವುಗಳ ವಾಸ್ತವ ಭಾಗ ಋಣವಾಗಿರಬೇಕು) ಎಂಬ ಷರತ್ತನ್ನು ಮರೆಯಬೇಡಿ. ಇಲ್ಲಿ ಮೂಲಗಳ ವಾಸ್ತವ ಭಾಗ −0.2, ಕಾಲ್ಪನಿಕ ಭಾಗ ಸುಮಾರು 10. ಹಾಗಾಗಿ ಒಂದು ಕುಣಿತಕ್ಕೆ 0.63 ಸೆಕೆಂಡು, ಕುಣಿತದ ಎತ್ತರ ಇ^(−0.2ಟಿ)ಯಂತೆ ಕುಗ್ಗುತ್ತದೆ. ಇಷ್ಟು ಬರೆಯಲು ಎರಡು ನಿಮಿಷ ಹಿಡಿಯಬಹುದು. ಮುಂದಿನ ಪರೀಕ್ಷೆಗಳೆಲ್ಲ ಈ ಕಾಗದವನ್ನೇ ನಂಬಿವೆ.

ಗೆರೆ ನುಣುಪು, ಉತ್ತರ ತಪ್ಪು

ಇದೇ ಬಸ್ಸಿನ ಎಫ್(ಟಿ)ಯನ್ನು ಪೈಥಾನ್‌ನಲ್ಲಿ 0ಯಿಂದ 30 ಸೆಕೆಂಡಿನವರೆಗೆ ಎಳೆಯಿರಿ. ಸಮ ಅಂತರದ ಬಿಂದುಗಳನ್ನು ಕೊಡುವ ನಮ್‌ಪೈಯ ಲಿನ್‌ಸ್ಪೇಸ್‌ಗೆ ಬಿಂದುಗಳ ಸಂಖ್ಯೆ ಹೇಳದಿದ್ದರೆ ಅದು 50 ಬಿಂದುಗಳನ್ನು ಕೊಡುತ್ತದೆ. ಅಂದರೆ ಎರಡು ಬಿಂದುಗಳ ನಡುವೆ 0.612 ಸೆಕೆಂಡು, ಒಂದು ಕುಣಿತದ ಅವಧಿ 0.628. ಪ್ರತಿ ಬಿಂದುವೂ ಒಂದು ಪೂರ್ಣ ಕುಣಿತಕ್ಕಿಂತ ಚೂರೇ ಮೊದಲು ಬೀಳುತ್ತದೆ. ಬಿಂದುಗಳನ್ನು ಸೇರಿಸಿದಾಗ ಕಾಣುವುದು ಸುಮಾರು 24 ಸೆಕೆಂಡು ಅವಧಿಯ, ತಲೆಕೆಳಗಾದ ನಿಧಾನದ ಅಲೆ. ಗೆರೆ ಸೊನ್ನೆಯಿಂದ ಕೆಳಕ್ಕಿಳಿದು, ಮೂರೂವರೆ ಸೆಕೆಂಡಿನ ಹೊತ್ತಿಗೆ ತಳ ಮುಟ್ಟಿ, ಮೆಲ್ಲಗೆ ಮೇಲೆದ್ದು ಸೊನ್ನೆಗೆ ಬರುತ್ತದೆ. ಶಾಕ್ ಅಬ್ಸಾರ್ಬರ್ ಹೊಸದಾಗಿ ಹಾಕಿಸಿದ ಬಸ್ಸಿನಂತೆ! ನಿಜವಾಗಿ ಆ 30 ಸೆಕೆಂಡಿನಲ್ಲಿ ಬಸ್ಸು 48 ಸಲದ ಹತ್ತಿರ ಕುಣಿದಿದೆ.

ಇಲ್ಲಿ ಸೂತ್ರವೂ ಸರಿ, ವಿಲೋಮವೂ ಸರಿ, ದೋಷ ಸೂಚನೆ ಒಂದೂ ಇಲ್ಲ. ಹಿಡಿದುಕೊಡುವುದು ಕಾಗದ ಮಾತ್ರ: ಆರಂಭದ ಇಳಿಜಾರು ಧನ ಎಂದು ಬರೆದಿದ್ದೇವೆ, ಗೆರೆ ಕೆಳಗೆ ಹೋಗುತ್ತಿದೆ. ಪರಿಹಾರ ಸುಲಭ. ಮೂಲಗಳ ಕಾಲ್ಪನಿಕ ಭಾಗದಲ್ಲಿ ಅತಿ ದೊಡ್ಡದನ್ನು ತೆಗೆದುಕೊಂಡು 6.28 ಅನ್ನು ಅದರಿಂದ ಭಾಗಿಸಿದರೆ ಅತಿ ಚಿಕ್ಕ ಅವಧಿ ಸಿಗುತ್ತದೆ. ಪ್ರತಿ ಅವಧಿಗೆ 20 ಬಿಂದುಗಳಾದರೂ ಇರಲಿ. ಬಸ್ಸಿಗೆ 1000 ಬಿಂದುಗಳು ಸಾಕು. ಬಿಂದುಗಳನ್ನು ಇಮ್ಮಡಿ ಮಾಡಿದಾಗ ಗ್ರಾಫಿನ ಆಕಾರವೇ ಬದಲಾದರೆ ಹಿಂದಿನ ಗ್ರಾಫ್ ಸುಳ್ಳು.

ಗ್ರಾಫೇ ಬಾರದಿದ್ದರೆ

ಖಾಲಿ ಚೌಕಟ್ಟು ಅಥವಾ ದೋಷ ಸೂಚನೆ ಬಂದರೆ ಪ್ಲಾಟ್ ಬಿಟ್ಟು, ಎಫ್(ಟಿ)ಗೆ ಟಿ = 1 ಹಾಕಿದರೆ ಬೆಲೆ ಎಷ್ಟೆಂದು ತಂತ್ರಾಂಶವನ್ನು ಕೇಳಿ. ಒಂದು ಬಿಂದುವಿನಲ್ಲಿ ಸಂಖ್ಯೆ ಕೊಡಲಾಗದ ಉತ್ತರ ಸಾವಿರ ಬಿಂದುಗಳಲ್ಲಿ ಕೊಡಲಾರದು.

ಸಂಖ್ಯೆಯ ಬದಲು ಕೇಳಿದ ಪ್ರಶ್ನೆಯೇ ಮರಳಿ ಬಂದರೆ ವಿಲೋಮ ಸಿಕ್ಕಿಲ್ಲ ಎಂದರ್ಥ. ಮ್ಯಾಕ್ಸಿಮಾ ಎಂಬ ಗಣಿತ ತಂತ್ರಾಂಶದ ಐಎಲ್‌ಟಿ ಆದೇಶಕ್ಕೆ ಬೇಕಾದ್ದು ಎರಡು ಬಹುಪದಗಳ ಭಾಗಲಬ್ಧ, ಅದರಲ್ಲೂ ಛೇದದಲ್ಲಿ ಒಂದನೆಯ ಮತ್ತು ಎರಡನೆಯ ಘಾತದ ಅಪವರ್ತನಗಳು ಮಾತ್ರ. ಒಡೆಯಲಾಗದ ಘನ ಬಹುಪದ ಕೊಟ್ಟರೆ ಅದು ಕೈ ಚೆಲ್ಲುತ್ತದೆ. ಮ್ಯಾಟ್‌ಲ್ಯಾಬ್‌ನ ಐಲ್ಯಾಪ್ಲಾಸ್ ಇಂಥಲ್ಲಿ ಮೂಲಗಳ ಮೊತ್ತವಾಗಿ ಉತ್ತರ ಬರೆಯುತ್ತದೆ. ಅದನ್ನು ವಿಪಿಎ ಆದೇಶದಿಂದ ದಶಮಾಂಶಕ್ಕೆ ತಂದರೆ ಗ್ರಾಫ್ ಬರುತ್ತದೆ. ಇನ್ನೊಂದು ದಾರಿ, ರೆಸಿಡ್ಯೂ ಆದೇಶದಿಂದ ಆಂಶಿಕ ಭಿನ್ನರಾಶಿಗಳನ್ನು ಸಂಖ್ಯೆಗಳಲ್ಲೇ ಪಡೆದು ಘಾತೀಯ ಪದಗಳನ್ನು ನಾವೇ ಕೂಡಿಸುವುದು. ಇದು ಮ್ಯಾಟ್‌ಲ್ಯಾಬ್‌ನಲ್ಲೂ ಪೈಥಾನಿನ ಸೈಪೈಯಲ್ಲೂ ಇದೆ. ಎರಡು ಮೂಲಗಳು ಬಹಳ ಹತ್ತಿರವಿದ್ದರೆ ಮಾತ್ರ ಈ ದಾರಿಯನ್ನು ನಂಬಬೇಡಿ, ದಶಮಾಂಶದ ಸಣ್ಣ ದೋಷ ಅಲ್ಲಿ ದೊಡ್ಡದಾಗಿ ಬೆಳೆಯುತ್ತದೆ.

ಮ್ಯಾಕ್ಸಿಮಾದಲ್ಲಿ ಘಾತೀಯ ಸಂಖ್ಯೆ ಇ ಬರೆಯುವಾಗ ಮುಂದೆ ಶೇಕಡಾ ಚಿಹ್ನೆ ಹಾಕಬೇಕು. ಬರಿಯ ಇ ಬರೆದರೆ ಅದು ಬೆಲೆಯಿಲ್ಲದ ಒಂದು ಅಕ್ಷರವಾಗಿ ಉಳಿದು ಗ್ರಾಫ್ ಬಾರದು. ನಿಯತಾಂಕ ಧನವೋ ಋಣವೋ ಎಂದು ಮ್ಯಾಕ್ಸಿಮಾ ಪ್ರಶ್ನೆ ಕೇಳಿ ಕಾಯುತ್ತಿರುವುದನ್ನು ಗಮನಿಸದೆ "ಸರ್, ಇದು ನಿಂತೇಹೋಗಿದೆ" ಎನ್ನುವವರೂ ಇದ್ದಾರೆ. ಮೊದಲೇ ಅಸ್ಯೂಮ್ ಆದೇಶದಲ್ಲಿ ತಿಳಿಸಿಬಿಟ್ಟರೆ ಅದು ಕೇಳುವುದಿಲ್ಲ. ಈ ತಂತ್ರಾಂಶದ ಮೇಲೆ ನನಗೆ ವಿಶೇಷ ಪ್ರೀತಿಯಿದೆ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಊರುಗಳಿಂದ ಬರುವ ಮಕ್ಕಳಿಗೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವ ಭರವಸೆಯಿಲ್ಲ. ಉಚಿತವಾಗಿ ಸಿಗುವ, ಹಳೆಯ ಕಂಪ್ಯೂಟರಿನಲ್ಲೂ ಅಂತರ್ಜಾಲವಿಲ್ಲದೆ ನಡೆಯುವ ತಂತ್ರಾಂಶ ಅವರಿಗೆ ಬೇಕು.

ಸಿಮ್‌ಪೈ (ಪೈಥಾನಿನ ಸಾಂಕೇತಿಕ ಗಣಿತದ ಸಾಧನ) ಬಳಸುವವರಿಗೆ ಬೇರೆ ಬಲೆ ಇದೆ. ಟಿ ಎಂಬ ಚಿಹ್ನೆಯನ್ನು ಒಮ್ಮೆ ಸುಮ್ಮನೆಯೂ ಇನ್ನೊಮ್ಮೆ ಧನ ಸಂಖ್ಯೆ ಎಂದೂ ಘೋಷಿಸಿದರೆ ಅವು ಎರಡು ಬೇರೆ ಚಿಹ್ನೆಗಳು. ತೆರೆಯ ಮೇಲೆ ಎರಡೂ ಟಿ ಎಂದೇ ಕಾಣುತ್ತವೆ, ಆದರೆ ಒಂದಕ್ಕೆ ಬೆಲೆ ಹಾಕಿದರೆ ಇನ್ನೊಂದು ಹಾಗೆಯೇ ಉಳಿಯುತ್ತದೆ. ಆರಂಭದಲ್ಲಿ ಒಂದೇ ಸಲ, ಧನ ಎಂದು ಘೋಷಿಸಿ. ಹಾಗೆಯೇ 0.4 ಎಂದು ದಶಮಾಂಶದಲ್ಲಿ ಬರೆಯುವ ಬದಲು 2/5 ಎಂಬ ಪೂರ್ಣ ಭಿನ್ನರಾಶಿಯಾಗಿ, ರ‍್ಯಾಷನಲ್ ಆದೇಶದಿಂದ ಕೊಡಿ. ಸಾಂಕೇತಿಕ ಗಣಿತಕ್ಕೆ ದಶಮಾಂಶ ಒಗ್ಗುವುದಿಲ್ಲ.

ಎಡಗಡೆ ಗಗನಕ್ಕೇರಿದ ಗೆರೆ

1/(ಎಸ್+1)ರ ವಿಲೋಮವನ್ನು ಮ್ಯಾಟ್‌ಲ್ಯಾಬ್ ಇ^(−ಟಿ) ಎಂದು ಕೊಡುತ್ತದೆ. ಎಫ್‌ಪ್ಲಾಟ್‌ಗೆ ಮಿತಿ ಹೇಳದಿದ್ದರೆ ಅದು −5ರಿಂದ 5ರವರೆಗೆ ಎಳೆಯುತ್ತದೆ. ಟಿ = −5ರಲ್ಲಿ ಬೆಲೆ 148; ನಮಗೆ ಬೇಕಾದ ಬಲಭಾಗ ನೆಲಕ್ಕೆ ಅಂಟಿದ ಗೆರೆಯಾಗುತ್ತದೆ. ಟಿ = 0ಯಿಂದ ಮುಂದಕ್ಕೆ ಮಾತ್ರ ನೋಡುವ ಏಕಪಾರ್ಶ್ವ ಲ್ಯಾಪ್ಲಾಸ್‌ಗೆ ಋಣ ಕಾಲದ ಬಗ್ಗೆ ಹೇಳಲು ಏನೂ ಇಲ್ಲ. ಸೊನ್ನೆಯಿಂದಲೇ ಆರಂಭಿಸಿ, ಅಷ್ಟೇ.

ಆವರಣ ಚಿಹ್ನೆ, ಮತ್ತು ತಡವಾಗಿ ಬರುವ ನೀರು

ಈಗ ಕಾಳಿ ನದಿಗೆ ಬರೋಣ. ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕೆಳಗಿನ ಊರಿನಲ್ಲಿ ನೀರಿನ ಮಟ್ಟ ಕೂಡಲೇ ಏರುವುದಿಲ್ಲ. ಅಭ್ಯಾಸಕ್ಕಾಗಿ ತಡ 2 ಗಂಟೆ, ಏರಿಕೆಯ ಕಾಲಾಂಕ (ಏರಿಕೆ ಎಷ್ಟು ನಿಧಾನ ಎಂಬುದರ ಅಳತೆ) 3 ಗಂಟೆ, ಅಂತಿಮ ಏರಿಕೆ 1 ಮಾನ ಎಂದು ಇಟ್ಟುಕೊಳ್ಳೋಣ (ಇವು ಅಳೆದ ಸಂಖ್ಯೆಗಳಲ್ಲ):

ಎಫ್(ಎಸ್) = ಇ^(−2ಎಸ್) / (ಎಸ್(3ಎಸ್ + 1))

ತಡದ ಪದವನ್ನು ಸದ್ಯ ಬದಿಗಿಡಿ. ಉಳಿದುದನ್ನು ತಂತ್ರಾಂಶದಲ್ಲಿ 1/ಎಸ್*(3*ಎಸ್+1) ಎಂದು ಬರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಛೇದಕ್ಕೆ ಹೊರಗಿನ ಆವರಣ ಇಲ್ಲದಿದ್ದರೆ ತಂತ್ರಾಂಶ ಅದನ್ನು (3ಎಸ್+1)/ಎಸ್ ಎಂದು ಓದುತ್ತದೆ. ಅಂದರೆ 3 + 1/ಎಸ್. ಅದರ ವಿಲೋಮ ಮೂರು ಪಟ್ಟು ಡಿರಾಕ್ ಡೆಲ್ಟಾ (ಟಿ = 0ಯ ಒಂದೇ ಕ್ಷಣದ ಅನಂತ ಎತ್ತರದ ಮಿಡಿತ) ಮತ್ತು 1ರ ಮೊತ್ತ. ಡೆಲ್ಟಾ ಗ್ರಾಫಿನಲ್ಲಿ ಕಾಣುವುದಿಲ್ಲ. ಉಳಿಯುವುದು 1ರ ಎತ್ತರದಲ್ಲಿ ಮಲಗಿದ ಗೆರೆ. ಅಂತಿಮ ಬೆಲೆಯೂ 1 ಆಗಿರುವುದರಿಂದ ಅದೊಂದನ್ನೇ ನೋಡಿದವರು ಒಪ್ಪಿಬಿಡುತ್ತಾರೆ. ಆರಂಭದ ಬೆಲೆ ಸೊನ್ನೆ ಎಂದು ಬರೆದಿಟ್ಟುಕೊಂಡವರು ಒಪ್ಪುವುದಿಲ್ಲ. ನೀವು ಕೊಟ್ಟ ಎಫ್(ಎಸ್) ಅನ್ನು ತಂತ್ರಾಂಶ ಹೇಗೆ ಓದಿತು ಎಂಬುದನ್ನು ತೆರೆಯ ಮೇಲೆ ಮೂಡಿಸಿ ನೋಡದೆ ಮುಂದಿನ ಸಾಲಿಗೆ ಹೋಗಬೇಡಿ. ಅಂಶದ ಘಾತ ಛೇದದ ಘಾತಕ್ಕೆ ಸಮ ಅಥವಾ ಹೆಚ್ಚಿದ್ದರೆ ಎಲ್ಲೋ ಡೆಲ್ಟಾ ಅಡಗಿದೆ ಎಂದೇ ತಿಳಿಯಿರಿ.

ಸರಿಯಾಗಿ ಬರೆದಾಗ ವಿಲೋಮ 1 − ಇ^(−ಟಿ/3). ಇದಕ್ಕೆ ತಡ ಸೇರಿಸಲು ಟಿ ಇದ್ದಲ್ಲಿ ಟಿ−2 ಹಾಕುತ್ತೇವೆ. ಹೆವಿಸೈಡ್ ಹಂತ ಫಲನದಿಂದ (ಇಲ್ಲಿ 2 ಗಂಟೆಯವರೆಗೆ 0, ಅನಂತರ 1) ಗುಣಿಸುವುದು ಬಿಟ್ಟುಹೋದರೆ ಗೆರೆ ಟಿ = 0ಯಲ್ಲಿ −0.95ರಿಂದ ಆರಂಭವಾಗುತ್ತದೆ. ಗೇಟು ತೆರೆದ ಕ್ಷಣ ನದಿಯ ಮಟ್ಟ ಕುಸಿದಿದೆ ಎಂದು ಅದರ ಅರ್ಥ. ಗಣಿತ ಗೊತ್ತಿಲ್ಲದ ದೋಣಿಯವನೂ ಅದನ್ನು ನಂಬಲಾರ. ಎರಡು ಗಂಟೆಯವರೆಗೆ ಸೊನ್ನೆ, ಅನಂತರ ಏರಿಕೆ, ಹೀಗಿರಬೇಕು ಗ್ರಾಫ್.

ಸಪಾಟಾಗಿ ಸೊನ್ನೆಯಲ್ಲಿ ಮಲಗಿದ ಗೆರೆ

ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಬೆಳೆ ಮುಗಿದು ಉಪ್ಪುನೀರು ಮತ್ತೆ ನಿಂತಾಗ, ಉಪ್ಪು ಕೆಳಗಿನ ಕೆಸರಿಗೆ ಬರಿಯ ವಿಸರಣೆಯಿಂದ ಎಷ್ಟು ಬೇಗ ಇಳಿಯುತ್ತದೆ? ಮೇಲ್ಮೈಯ ಉಪ್ಪಿನಂಶ 1 ಮಾನದಲ್ಲಿ ಸ್ಥಿರವಾಗಿದ್ದರೆ ಆಳ ಎಕ್ಸ್‌ನಲ್ಲಿ ಎಫ್(ಎಸ್) = ಇ^(−ಎಕ್ಸ್√(ಎಸ್/ಡಿ)) / ಎಸ್. ಇದರ ವಿಲೋಮ ಪೂರಕ ದೋಷ ಫಲನ, ಅದರೊಳಗೆ ಎಕ್ಸ್/(2√(ಡಿ·ಟಿ)). ಡಿ ಎಂಬ ವಿಸರಣಾಂಕವನ್ನು ಸುಲಭಕ್ಕಾಗಿ ಸೆಕೆಂಡಿಗೆ 10⁻⁹ ಚದರ ಮೀಟರ್ ಎಂದೂ ಆಳವನ್ನು 10 ಸೆಂಟಿಮೀಟರ್ ಎಂದೂ ಇಡಿ.

0ಯಿಂದ 10ರವರೆಗೆ ಗ್ರಾಫ್ ಎಳೆದರೆ ಸೊನ್ನೆ. 0ಯಿಂದ 1000ದವರೆಗೂ ಸೊನ್ನೆ. ಏಕೆಂದರೆ ಇಲ್ಲಿ ಕಾಲದ ಅಳತೆಗೋಲು ಎಕ್ಸ್²/ಡಿ, ಅಂದರೆ 10⁷ ಸೆಕೆಂಡು, ಸುಮಾರು 116 ದಿನ. ಅಷ್ಟು ಹೊತ್ತಿಗೆ ಮೇಲ್ಮೈಯ ಉಪ್ಪಿನಂಶದ 0.48 ಪಾಲು ಆ ಆಳಕ್ಕೆ ಮುಟ್ಟಿರುತ್ತದೆ. ತಂತ್ರಾಂಶಕ್ಕೆ ಸೆಕೆಂಡೂ ಗೊತ್ತಿಲ್ಲ, ದಿನವೂ ಗೊತ್ತಿಲ್ಲ. ಗೆರೆ ಸಪಾಟಾಗಿ ಬಂದಾಗಲೆಲ್ಲ ಸಮಸ್ಯೆಯ ಸ್ವಂತ ಕಾಲಮಾನ ಯಾವುದೆಂದು ಲೆಕ್ಕ ಹಾಕಿ, ಅದರ ಹತ್ತನೆಯ ಒಂದು ಭಾಗದಿಂದ ಹತ್ತು ಪಟ್ಟಿನವರೆಗೆ ಎಳೆಯಿರಿ.

ಸಂಖ್ಯಾತ್ಮಕ ವಿಲೋಮ ಮೋಸ ಮಾಡುವ ಬಗೆ

ಸೂತ್ರರೂಪದ ವಿಲೋಮ ಸಿಗದಿದ್ದಾಗ ಪೈಥಾನಿನ ಎಂಪಿಮ್ಯಾಥ್‌ನಲ್ಲಿರುವ ಇನ್ವರ್ಟ್‌ಲ್ಯಾಪ್ಲಾಸ್‌ನಂಥ ಆದೇಶಗಳಿವೆ. ಅದರಲ್ಲಿ ಟಾಲ್ಬೋಟ್, ಸ್ಟೆಹ್ಫೆಸ್ಟ್, ಡಿ ಹೂಗ್ ವಿಧಾನಗಳಲ್ಲಿ ಒಂದನ್ನು ಆರಿಸಬಹುದು, ಹೇಳದಿದ್ದರೆ ಟಾಲ್ಬೋಟ್. ಈ ಆಯ್ಕೆಯನ್ನು ಹಗುರವಾಗಿ ತೆಗೆದುಕೊಂಡವರ ಗ್ರಾಫ್‌ಗಳೇ ನನ್ನ ಮುಂದೆ ಹೆಚ್ಚು ಬರುತ್ತವೆ.

1970ರಲ್ಲಿ ಪ್ರಕಟವಾದ ಸ್ಟೆಹ್ಫೆಸ್ಟ್ ವಿಧಾನ ಎಫ್(ಎಸ್)ನ ಬೆಲೆಗಳನ್ನು ವಾಸ್ತವ ಅಕ್ಷದ ಮೇಲೆ ಮಾತ್ರ ಕೇಳುತ್ತದೆ. ಗಜನಿಯ ಉಪ್ಪಿನಂತೆ ನಿಧಾನವಾಗಿ, ಏರಿಳಿತವಿಲ್ಲದೆ ಸಾಗುವ ಗೆರೆಗೆ ಇದು ಬಹಳ ಒಳ್ಳೆಯದು. ಬಸ್ಸಿನ ಕುಣಿತಕ್ಕೆ ಹಾಕಿದರೆ ಕುಣಿತವನ್ನೇ ನುಂಗಿಬಿಡುತ್ತದೆ, ಏಕೆಂದರೆ ಆ ಮೂಲಗಳು ವಾಸ್ತವ ಅಕ್ಷದಿಂದ ದೂರ ಇವೆ. ಪದಗಳನ್ನು ಹೆಚ್ಚಿಸಿದರೆ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೆಲಸ ಮಾಡುವುದಿಲ್ಲ. ಅದರ ಗುಣಾಂಕಗಳು ಧನ ಋಣ ಎಂದು ಅದಲುಬದಲಾಗುತ್ತ ಬೃಹತ್ತಾಗಿ ಬೆಳೆಯುತ್ತವೆ. ಸಾಮಾನ್ಯ 16 ಅಂಕಿಗಳ ಲೆಕ್ಕದಲ್ಲಿ ಹದಿನಾಲ್ಕರ ಆಸುಪಾಸು ಪದಗಳನ್ನು ದಾಟಿದರೆ ಗೆರೆ ಗರಗಸವಾಗತೊಡಗುತ್ತದೆ. ಅಂಕಿಗಳನ್ನೂ ಜೊತೆಗೇ ಹೆಚ್ಚಿಸುವ ಎಂಪಿಮ್ಯಾಥ್‌ನಂಥ ಸಾಧನ ಬೇಕು.

ಟಾಲ್ಬೋಟ್ ವಿಧಾನ (1979) ಎಫ್(ಎಸ್)ನ ಬೆಲೆಗಳನ್ನು ಸಂಕೀರ್ಣ ತಲದಲ್ಲಿ ಎಡಗಡೆಗೆ ಬಾಗಿದ ಒಂದು ಪಥದ ಮೇಲೆ ಕೇಳುತ್ತದೆ. ಮೂಲಗಳೆಲ್ಲ ಆ ಬಾಗಿನೊಳಗೆ ಇರಬೇಕು. ಟಿ ದೊಡ್ಡದಾದಂತೆ ಪಥ ಕುಗ್ಗುತ್ತದೆ, ಬಸ್ಸಿನ ಮೂಲಗಳಂಥವು ಹೊರಗುಳಿದುಬಿಡುತ್ತವೆ. ಆರಂಭದಲ್ಲಿ ಸರಿಯಾಗಿದ್ದ ಗೆರೆ ಮುಂದೆ ಕೆಟ್ಟರೆ ಇದನ್ನೇ ಶಂಕಿಸಿ. ಕದ್ರಾದ ಇ^(−2ಎಸ್) ಪದವನ್ನು ಹಾಗೆಯೇ ಕೊಟ್ಟರೆ 2 ಗಂಟೆಗಿಂತ ಮೊದಲಿನ ಭಾಗದಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆಗಳು ಬರುತ್ತವೆ, ಏಕೆಂದರೆ ಎಡಗಡೆ ಹೋದಂತೆ ಆ ಪದ ಉಬ್ಬುತ್ತದೆ. ತಡವನ್ನು ಹೊರಗೆ ತೆಗೆದು, ವಿಲೋಮ ಪಡೆದು, ಕೈಯಿಂದ ಸರಿಸುವುದೇ ಸರಿ. ಆಂದೋಲನವಿದ್ದರೆ ನಾನು ಮೊದಲು ಆರಿಸುವುದು ಡಿ ಹೂಗ್, ನೈಟ್, ಸ್ಟೋಕ್ಸ್ ಅವರ 1982ರ ವಿಧಾನವನ್ನು. ನಿಧಾನ, ಆದರೆ ಹೆಚ್ಚು ಗಟ್ಟಿ.

ಯಾವುದೇ ವಿಧಾನವಿರಲಿ, ಟಿ = 0 ಕೊಡಬೇಡಿ; ಒಳಗೆ ಟಿಯಿಂದ ಭಾಗಿಸುವ ಲೆಕ್ಕವಿದೆ. ಎಫ್(ಎಸ್)ನಲ್ಲಿ ಹೈಪರ್ಬೋಲಿಕ್ ಕೊಸೈನ್‌ಗಳ ಅನುಪಾತವಿದ್ದು ಟಿ ಚಿಕ್ಕದಿರುವ ಕಡೆ ಗೆರೆ ತುಂಡಾಗಿದ್ದರೆ, ಅಂಶ ಛೇದ ಎರಡೂ ಉಕ್ಕಿ ಹರಿದಿವೆ. ಸಾಮಾನ್ಯ ಲೆಕ್ಕದಲ್ಲಿ ಇಯ ಘಾತ 709 ದಾಟಿದರೆ ಸಂಖ್ಯೆ ಹಿಡಿಸುವುದಿಲ್ಲ. ಎರಡನ್ನೂ ಛೇದದ ದೊಡ್ಡ ಘಾತೀಯ ಪದದಿಂದ ಮೊದಲೇ ಭಾಗಿಸಿ ಬರೆದುಕೊಳ್ಳಿ.

ಉತ್ತರದಲ್ಲಿ ಕಾಲ್ಪನಿಕ ಭಾಗ ಉಳಿದಿದೆ ಎಂಬ ಎಚ್ಚರಿಕೆ ಬಂದರೆ ಅದರ ಗಾತ್ರ ನೋಡಿ. 10⁻¹⁶ರಷ್ಟಿದ್ದರೆ ದಶಮಾಂಶದ ಧೂಳು, ವಾಸ್ತವ ಭಾಗವನ್ನು ಮಾತ್ರ ಎಳೆಯಿರಿ. 0.3ರಷ್ಟಿದ್ದರೆ ಜೋಡಿ ಮೂಲಗಳಲ್ಲಿ ಒಂದು ಕಳೆದುಹೋಗಿದೆ. ಅದನ್ನು ಅಳಿಸಿ ಮುಚ್ಚಬಾರದು, ಹುಡುಕಬೇಕು.

ಕೊನೆಯ ಪರೀಕ್ಷೆ

ಗ್ರಾಫ್ ಸರಿ ಕಂಡ ಮೇಲೂ ಒಂದು ಕೆಲಸ ಉಳಿಯುತ್ತದೆ. ಗ್ರಾಫಿಗೆ ಬಳಸಿದ ಅದೇ ಬಿಂದುಗಳನ್ನು ಇ^(−ಎಸ್·ಟಿ)ಯಿಂದ ಗುಣಿಸಿ, ಟ್ರೆಪಿಜಾಯ್ಡ್ ನಿಯಮದಿಂದ (ಗೆರೆಯ ಕೆಳಗಿನ ವಿಸ್ತೀರ್ಣವಾಗಿ) ಕೂಡಿಸಿ, ಅಂದರೆ ಲ್ಯಾಪ್ಲಾಸ್ ಪರಿವರ್ತನೆಯನ್ನೇ ಮರಳಿ ಮಾಡಿ, ಮೂಲ ಎಫ್(ಎಸ್)ನ ಬೆಲೆಯೊಂದಿಗೆ ಹೋಲಿಸಿ. ಎಸ್ ಎಲ್ಲ ಮೂಲಗಳ ಬಲಕ್ಕಿರಲಿ. ಬಸ್ಸಿಗೆ ಎಸ್ = 1 ಇಟ್ಟರೆ 1/101.4, ಅಂದರೆ 0.00986 ಬರಬೇಕು. 50 ಬಿಂದುಗಳ ಸುಳ್ಳು ಗೆರೆಯಿಂದ ಬರುವುದು ಸುಮಾರು −0.017, ಚಿಹ್ನೆಯೇ ತಪ್ಪು. ಕದ್ರಾದ ಲೆಕ್ಕಕ್ಕೆ ಎಸ್ = 1ರಲ್ಲಿ 0.034 ಬರಬೇಕು; −0.46 ಬಂದರೆ ಹೆವಿಸೈಡ್ ಬಿಟ್ಟುಹೋಗಿದೆ. ಗಜನಿಗೆ ಮಾತ್ರ ಎಸ್ = 1 ನಿರುಪಯೋಗಿ. ಅಲ್ಲಿ ಎಸ್ = 10⁻⁷ ಇಟ್ಟು 2 × 10⁸ ಸೆಕೆಂಡಿನವರೆಗೆ ಕೂಡಿಸಿ; ಮೊತ್ತ 36.8 ಲಕ್ಷದ ಹತ್ತಿರ ನಿಲ್ಲಬೇಕು.